ಹಂಚಿನ ಹಡಗಿನ ಮಮ್ಮಾಲಿ

ಮೈದಾನ್ ಹವಲ್ಲಿ, ಕುವೈತ್
9 ಫೆಬ್ರವರಿ 2012, ಗುರುವಾರ

ಪ್ರಿಯ ಕಮಲಾಕ್ಷ,

ನಿನ್ನ ಎರಡು ಕಮಲಗಳಲ್ಲಿ ಒಂದರ ಪೊರೆ ತೆಗೆಸಿದೆಯಂತೆ, ಸಂತೋಷ. ಇನ್ನು ನನ್ನ ಅಕ್ಷರ ಕಾಣುವುದಿಲ್ಲ ಎಂದು ನೆಪ ಹೇಳುವ ಹಾಗಿಲ್ಲ. ನೀನು ದೀಪಾವಳಿಗೆ ಬರೆದ ಕಾಗದಕ್ಕೆ ಫೆಬ್ರವರಿಯಲ್ಲಿ ಉತ್ತರ ಕೊಡುತ್ತಿದ್ದೇನೆ, ಎಷ್ಟು ಬೇಕೋ ಅಷ್ಟು ಬೈದುಕೋ. ಫೋನ್ ಮಾಡಬಹುದಿತ್ತು. ಆದರೆ ಕಳೆದ ಸಲ ನಾನು "ಬೆನ್ನು ನೋವು" ಎಂದರೆ ನೀನು "ಯಾರಿಗೆ ಹೆಣ್ಣು ನೋಡಿದ್ದು?" ಎಂದು ಕೇಳಿದೆ. ಈ ಸಲದ ವಿಷಯ ಕಿರುಚಿ ಹೇಳುವಂಥದ್ದಲ್ಲ.

ಇಲ್ಲಿ ಎಲ್ಲ ಕ್ಷೇಮ. ಹವಲ್ಲಿಯಲ್ಲಿ ಹವಾ ಎಲ್ಲಿ ಎಂದು ಮೂವತ್ತು ವರ್ಷದಿಂದ ಕೇಳುತ್ತಿದ್ದೆನಲ್ಲ, ಈ ವಾರ ಬಂತು. ಧೂಳಿನ ಗಾಳಿ. ಅಂಗಡಿಯ ಬಿಳಿ ಬಟ್ಟೆಯೆಲ್ಲ ಚಹಾದ ಬಣ್ಣಕ್ಕೆ ತಿರುಗಿದೆ. ಮಗಳು ವೆಲಿಟಾಳಿಗೆ ಆಸ್ಪತ್ರೆಯಲ್ಲಿ ಎರಡೆರಡು ಡ್ಯೂಟಿ. ನನಗೆ ಕಾಯಿಲೆ ಅಂತ ಏನಿಲ್ಲ. ಸೋಮವಾರ ಸೂಜಿ ಬೆರಳೊಳಗೆ ಹೋದದ್ದು ಗೊತ್ತಾಗಲಿಲ್ಲ. ಗಿರಾಕಿಯ ನಿಲುವಂಗಿಯ ಮೇಲೆ ಕೆಂಪು ಚುಕ್ಕೆ ಕಂಡಾಗ ಯಾರ ರಕ್ತ ಎಂದು ಸುತ್ತ ನೋಡಿದೆ. ಊಟ ಸೇರುತ್ತದೆ. ನಿದ್ದೆ ಬರುತ್ತದೆ. ಬೆಳಗ್ಗೆ ಎದ್ದು ಅಂಗಡಿಯ ಬಾಗಿಲು ತೆಗೆಯುತ್ತೇನೆ. ಅಷ್ಟೇ.

ಈ ಕಾಗದ ನಿನ್ನ ಕೈಗೆ ಕೊಡುವವಳು ಝಾಹಿದಾ. ಇಲ್ಲಿ ಫೋನಿನ ಅಂಗಡಿ ಇಟ್ಟಿರುವ ನಿಸಾರ್‌ನ ಮಗಳು, ಇಪ್ಪತ್ತೆರಡು ವರ್ಷ. ಶನಿವಾರದ ವಿಮಾನಕ್ಕೆ ಚಿಕ್ಕಮ್ಮನ ಮಗಳ ಮದುವೆಗೆಂದು ಮಂಗಳೂರಿಗೆ ಬರುತ್ತಿದ್ದಾಳೆ. ಮದುವೆಯ ಮರುದಿನ ಬಂದರಿನಲ್ಲಿ ದೋಣಿ ಹತ್ತಿ ಬೆಂಗ್ರೆಗೆ, ನಿನ್ನ ಮನೆಗೆ ಬರುತ್ತಾಳೆ. ಕೈಯಲ್ಲಿ ಎರಡು ಗಜ ಬಿಳಿ ಬಟ್ಟೆ ಇರುತ್ತದೆ. ಕತ್ತರಿಸಿ ಕೊಟ್ಟವನು ನಾನೇ. ಅವಳು ನಿನ್ನನ್ನು ಕೇಳುವುದು ಒಂದೇ ಮಾತು: ಮಮ್ಮಾಲಿ ಗುರುಗಳ ಗೋರಿ ಎಲ್ಲಿ?

ನಗಬೇಡ. ಹೌದು, ಅದೇ ಮಮ್ಮಾಲಿ. ನಾವು ಶಾಲೆ ತಪ್ಪಿಸಿ ಬೆಂಗ್ರೆಗೆ ಓಡುವಾಗ ದೋಣಿಗೆ ಹುಟ್ಟು ಹಾಕುತ್ತಿದ್ದ ಮಮ್ಮಾಲಿ ಕಾಕ. ನದಿ ಬಿಟ್ಟು ಜನ್ಮದಲ್ಲಿ ಬೇರೇನೂ ದಾಟದವನು. ಆಡು ಹಾಯ್ದದ್ದಕ್ಕೆ ಅಕ್ಕಿಮುಡಿಯ ಸಮೇತ ನೀರಿಗೆ ಬಿದ್ದವನು. ಅವನನ್ನು ಗುರು ಮಾಡಿದ್ದು ನಾನು. ಹೇಗೆಂದು ಹೇಳುತ್ತೇನೆ, ನಿಧಾನವಾಗಿ ಓದು.

1998ರ ಚಳಿಗಾಲದಲ್ಲಿ ಅಂಗಡಿಗೆ ಒಬ್ಬ ಕುಳ್ಳ ಮನುಷ್ಯ ಬಂದ. ಹೆಸರು ರುಸ್ಲಿ, ಸುಮಾತ್ರಾದವನು, ಫಿಂಟಾಸ್‌ನ ಒಂದು ದೊಡ್ಡ ಮನೆಯಲ್ಲಿ ಡ್ರೈವರ್. ನಮ್ಮಂಥವರ ಜೊತೆ ಇದ್ದು ಹಿಂದಿ ಕಲಿತಿದ್ದ.

"ಭಾಯಿ, ಆರು ಪ್ಯಾಂಟ್. ಕಪ್ಪು. ಕೂತರೆ ಹರಿಯಬಾರದು."

"ನಾನು ಹೊಲಿದ ಪ್ಯಾಂಟು ಕೂತರೆ ಹರಿಯುವುದಿಲ್ಲ. ನೀನು ಹೇಗೆ ಕೂರುತ್ತೀ, ಅದು ಹೇಳು."

ಅವನು ಹೇಳಲಿಲ್ಲ, ಕೂತ. ಒಂದು ಕಾಲು ಮಡಚಿ ಇನ್ನೊಂದನ್ನು ಮುಂದಕ್ಕೆ ಚಾಚಿ, ಎದೆ ನೆಲಕ್ಕೆ ತಾಗುವಷ್ಟು ಕೆಳಗೆ ಇಳಿದ. ಕಣ್ಣು ಮಾತ್ರ ನನ್ನ ಮೇಲೆ. ಹಾಗೆಯೇ ಕೈ ಊರದೆ ಎದ್ದು ನಿಂತ. ನಾನು ಅಳತೆಯ ಟೇಪನ್ನು ಕುತ್ತಿಗೆಯಿಂದ ತೆಗೆದೆ. "ತೊಡೆಸಂದಿಗೆ ಇನ್ನೊಂದು ತುಂಡು ಕೂಡಿಸಬೇಕು," ಎಂದೆ. "ಇದೇನು ಆಟ?"

"ಸಿಲಾಟ್."

"ಸಲಾಡಾ?"

ಸಿಟ್ಟು ಬರುತ್ತದೆ ಎಂದುಕೊಂಡೆ. ಬರಲಿಲ್ಲ. "ಸಲಾಡ್ ಕೂಡ ಸರಿ," ಎಂದ. ಅದು ಅವರ ಕಡೆಯ ಕಾಳಗದ ವಿದ್ಯೆ. ಅವನ ಗುರುವಿನ ಗುರು ಬಂದರಿನಲ್ಲಿ ಮೂಟೆ ಹೊರುತ್ತಿದ್ದನಂತೆ. ಕಾಲಿನ ಹೆಜ್ಜೆ ಅವನ ಗುಡ್ಡದ ಊರಿನದು. ಮುಷ್ಟಿ ಕಲಿಸಿದ್ದು ಬಂದರಿನ ಒಬ್ಬ ಚೀನೀ ಅಂಗಡಿಯವನು. ಚೂರಿ ಹಿಡಿಯುವುದು ಬೇರೆ ದ್ವೀಪದ ಒಬ್ಬ ನಾವಿಕನಿಂದ. ಎದುರಾಳಿಯ ಮೊಣಕೈಯನ್ನು ತಿರುಚಿ ಬೀಗ ಹಾಕುವ ಒಂದು ಪಟ್ಟು ಇತ್ತು, ಅದು ಇಂಡಿಯಾದ ಒಬ್ಬನಿಂದ. ಯಾರ ಜೊತೆ ಮೂಟೆ ಹೊತ್ತನೋ ಅವರಿಂದೆಲ್ಲ ಒಂದೊಂದು ಕಲಿತ. ತುಂಡು ತುಂಡು ಕೂಡಿಸಿ ಹೊಲಿಯುವವನಿಗೆ ಇದು ಹಿಡಿಸದೆ ಇರುತ್ತದೆಯೇ? ಅಂದೇ ಗೆಳೆತನವಾಯಿತು. ಎಲ್ಲರೂ ಅವನನ್ನು ಪಾಕ್ ರುಸ್ಲಿ ಎನ್ನುತ್ತಿದ್ದರು, ಅವರಲ್ಲಿ ಹಿರಿಯರನ್ನು ಹಾಗೆ ಕರೆಯುತ್ತಾರೆ. ಹೆಸರಲ್ಲೇ ಪಾಕ ಇದ್ದರೂ ಅನ್ನ ಮಾತ್ರ ಪ್ರತಿ ಸಲ ಸೀಯಿಸುತ್ತಿದ್ದ.

ಶುಕ್ರವಾರ ಮಧ್ಯಾಹ್ನ ನಮ್ಮ ಕಟ್ಟಡದ ಕೆಳಗಿನ ಪಾರ್ಕಿಂಗಿನಲ್ಲಿ ಅವನ ತರಗತಿ. ಹತ್ತು ಹದಿನೈದು ಮಂದಿ, ಎಲ್ಲರೂ ಡ್ರೈವರ್‌ಗಳು, ಅಡುಗೆಯವರು. ನಾನು ಒಂದು ಡಬ್ಬದ ಮೇಲೆ ಕೂತು ನೋಡುತ್ತಿದ್ದೆ. ಶುರು ಮಾಡುವ ಮೊದಲು ಅವನು ಕಣ್ಣು ಮುಚ್ಚಿ ಗುರುಗಳ ಹೆಸರನ್ನು ಸಾಲಾಗಿ ಹೇಳುತ್ತಿದ್ದ, ಒಬ್ಬೊಬ್ಬರಿಗೂ ಒಂದೊಂದು ಪ್ರಾರ್ಥನೆ. ಚೀನೀಯವನಿಗೂ ಉಂಟು. ಕೊನೆಗೆ "ಇಂಡಿಯಾದ ಒಬ್ಬ ಮನುಷ್ಯ" ಎಂದು ಹೇಳಿ ಸ್ವಲ್ಪ ತಡೆಯುತ್ತಿದ್ದ.

ಒಮ್ಮೆ ಚಹಾ ಕುಡಿಯುವಾಗ ಹೇಳಿದ. "ಅವನ ಹೆಸರು ಹೇಳುವ ಮೊದಲೇ ನನ್ನ ಗುರು ತೀರಿಹೋದರು. ಎಲ್ಲರಿಗೂ ಹೆಸರು ಉಂಟು, ಅವನಿಗೆ ಮಾತ್ರ ಇಲ್ಲ. ನಾಚಿಕೆಯಾಗುತ್ತದೆ ಭಾಯಿ. ಪಶ್ಚಿಮದ ಕರಾವಳಿಯವನು, ಮನೆ ಮಾಡಿನ ಹಂಚು ತಂದ ಹಡಗಿನಲ್ಲಿ ಬಂದವನು. ಇಷ್ಟೇ ಗೊತ್ತು."

ಹಂಚು ಅಂದನಲ್ಲ, ನನ್ನ ನಾಲಿಗೆ ತುರಿಸಿತು. "ಹಂಚಾ? ಹಂಚು ಅಂದರೆ ನಮ್ಮ ಊರೇ ಮಾರಾಯ! ಅವನಾ? ಅವನು ಯಾರಿಗೆ ಗೊತ್ತಿಲ್ಲ? ಬೆಂಗ್ರೆಯ ಮಮ್ಮಾಲಿ!"

ಅವನು ಲೋಟ ಕೆಳಗಿಟ್ಟ. "ಇನ್ನೊಮ್ಮೆ ಹೇಳು."

"ಮಮ್ಮಾಲಿ."

ಜೇಬಿನಿಂದ ಪುಸ್ತಕ ತೆಗೆದು ಬರೆದುಕೊಂಡ. ನನ್ನ ಕೈ ಹಿಡಿದು ತನ್ನ ಎದೆಗೆ ಒತ್ತಿಕೊಂಡ. ಆಗಲೇ ಹೇಳಿಬಿಡಬೇಕಿತ್ತು. ಮುಂದಿನ ಶುಕ್ರವಾರ ಹೇಳೋಣ ಎಂದುಕೊಂಡೆ. ಮುಂದಿನ ಶುಕ್ರವಾರ ಹದಿನೈದು ಗಂಡಸರು ಕಣ್ಣು ಮುಚ್ಚಿ ನಮ್ಮ ಮಮ್ಮಾಲಿ ಕಾಕನಿಗಾಗಿ ಪ್ರಾರ್ಥಿಸುವುದನ್ನು ನೋಡಿ ಬಾಯಿಗೆ ಕರವಸ್ತ್ರ ತುರುಕಿಕೊಂಡೆ. ಇನ್ನೊಂದು ವಾರ ನಗೋಣ ಎಂದುಕೊಂಡೆ. ಒಂದು ವರ್ಷ ನಕ್ಕೆ. ಆಮೇಲೆ ನಗು ಬರುವುದು ನಿಂತಿತು, ಹೆಸರು ಹೇಳುವುದು ನಿಲ್ಲಲಿಲ್ಲ.

ನಿಸಾರ್ ಬಂದದ್ದು ಅದರ ನಡುವೆ. ಝಾಹಿದಾಳಿಗೆ ಆಗ ಹತ್ತು ವರ್ಷ. ಪಾರ್ಕಿಂಗಿನ ಮೆಟ್ಟಿಲಲ್ಲಿ ಕೂತು ನೋಡಿ ನೋಡಿ ಎಲ್ಲ ಹೆಜ್ಜೆ ಬಾಯಿಪಾಠ ಮಾಡಿದ್ದಳು, ಕಲಿಯುತ್ತೇನೆ ಎಂದು ಹಟ.

"ಎಂತ ಕೊನ್ರಾಡ್ ಭಾಯಿ, ಹೆಣ್ಣು ಹುಡುಗಿಯನ್ನು ಡ್ರೈವರ್‌ಗಳ ಒಟ್ಟಿಗೆ ಕುಣಿಸ್ಲಿಕ್ಕುಂಟಾ? ಖಲಾಸ್. ಆ ಮಾತು ಬೇಡ," ಎಂದ ನಿಸಾರ್.

"ಅದರಲ್ಲಿ ನಿಮ್ಮದೂ ಒಂದು ಪಾಲು ಉಂಟಲ್ಲ ಮಾರಾಯ. ಬೆಂಗ್ರೆಯ ಮಮ್ಮಾಲಿ."

"ಯಾರು? ನಮ್ಮವರಾ, ಬ್ಯಾರಿಗಳಾ?"

"ನಿಮ್ಮವರೇ. ಹಂಚಿನ ಹಡಗಿನಲ್ಲಿ ಹೋಗಿ ಕಲಿಸಿದ್ದು."

"ಅದನ್ನು ಮೊದಲೇ ಹೇಳ್ಬಾರ್ದಾ!" ಎಂದು ಮಗಳನ್ನು ಅಂದೇ ಕಳಿಸಿದ. ರುಸ್ಲಿ ಅವಳನ್ನು ನನ್ನ ಡಬ್ಬದ ಪಕ್ಕ, ಎಲ್ಲರಿಗೂ ಕಾಣುವಲ್ಲಿ ನಿಲ್ಲಿಸಿ ಕಲಿಸಿದ. ಇವತ್ತು ಅವರೆಲ್ಲರಿಗಿಂತ ಅವಳೇ ಚೆನ್ನಾಗಿ ಮಾಡುತ್ತಾಳೆ. ಮಮ್ಮಾಲಿಯ ಪಟ್ಟು ಎಂದರೆ ಅವಳಿಗೆ ಪ್ರಾಣ. ಬ್ಯಾರಿಗಳ ಮನೆಯಿಂದ ಹೋದದ್ದು ಬ್ಯಾರಿಗಳ ಮನೆಗೆ ಬಂತು ಎಂದು ಹೇಳಿಕೊಂಡು ತಿರುಗುತ್ತಾಳೆ.

ಜನವರಿ ಹದಿನಾಲ್ಕಕ್ಕೆ ರುಸ್ಲಿ ತೀರಿಹೋದ. ಲಿವರ್. ಮೂರು ವಾರ ಮಲಗಿದ್ದ. ಶವವನ್ನು ಊರಿಗೆ ಕಳಿಸುವ ಕಾಗದಪತ್ರ ಎಲ್ಲ ಅವನ ಕಫೀಲ್, ಅಂದರೆ ವೀಸಾ ಕೊಟ್ಟ ಮನೆಯ ಯಜಮಾನ, ಮಾಡಿಸಿದ, ಒಳ್ಳೆಯ ಮನುಷ್ಯ, ವಿಮಾನದ ತನಕ ಬಂದ. ನಾನು ಅಂಗಡಿ ಮುಚ್ಚಿ ಹೋಗಿ ನಿಂತಿದ್ದೆ. ಅವರ ಶವವಸ್ತ್ರಕ್ಕೆ ಹೊಲಿಗೆ ಇಲ್ಲ. ಬರಿಯ ಬಟ್ಟೆ ಸುತ್ತುತ್ತಾರೆ. ನಾನು ಮಾಡಬೇಕಾದ್ದು ಏನೂ ಇರಲಿಲ್ಲ. ಮರಳಿ ಬಂದು ಯಾರದೋ ಪ್ಯಾಂಟಿಗೆ ಜಿಪ್ ಹೊಲಿದೆ. ವೆಲಿಟಾ "ಅಪ್ಪಾ, ಸ್ವಲ್ಪ ಅತ್ತರೆ ಒಳ್ಳೆಯದು" ಎಂದಳು. ಬಂದರೆ ಅಳುತ್ತೇನೆ ಎಂದೆ. ಇನ್ನೂ ಬಂದಿಲ್ಲ.

ಹೋಗುವ ಮೊದಲು ಅವನು ಹೆಸರುಗಳ ಪುಸ್ತಕವನ್ನು ಝಾಹಿದಾಳ ಕೈಗೆ ಕೊಟ್ಟ. ಅವಳು ಹೆಣ್ಣುಮಕ್ಕಳಿಗೆ ಒಂದು ತರಗತಿ ಶುರು ಮಾಡಬೇಕು, ಅದಕ್ಕೆ ಮೊದಲು ಆ ಸಾಲಿನಲ್ಲಿ ಯಾರ ಗೋರಿಗೆ ಹೋಗಲು ಆಗುತ್ತದೋ ಅಲ್ಲಿ ಹೋಗಿ ಬಿಳಿ ಬಟ್ಟೆ ಇಟ್ಟು ಅಪ್ಪಣೆ ಕೇಳಬೇಕು ಎಂದು ಹೇಳಿದ. ಸುಮಾತ್ರಾಕ್ಕೆ ಅವಳು ಎಲ್ಲಿ ಹೋಗುತ್ತಾಳೆ? ಬೆಂಗ್ರೆ ಮಾತ್ರ ಹತ್ತಿರ. ಅಜ್ಜಿಯ ಮನೆಯಿಂದ ಅರ್ಧ ಗಂಟೆ.

ನಿನ್ನೆ ಅಂಗಡಿಗೆ ಬಂದಿದ್ದಳು. "ಅಂಕಲ್, ಐ ಆಮ್ ಸೋ ನರ್ವಸ್. ಅವರ ಫ್ಯಾಮಿಲಿ ಸಿಕ್ಕಿದ್ರೆ ಎಂತ ಹೇಳೋದು? ನಾನು ಕ್ಲಾಸ್ ಸ್ಟಾರ್ಟ್ ಮಾಡ್ತೇನೆ, ಪರ್ಮಿಶನ್ ಕೊಡಿ ಅಂತ, ಅಷ್ಟೇ ಸಾಕಾ?"

ಈಗಲೇ ಹೇಳುತ್ತೇನೆ ಎಂದು ಬಾಯಿ ತೆರೆದೆ. "ದೋಣಿಯಲ್ಲಿ ಹುಷಾರು, ಅಲ್ಲಿ ನಿನ್ನ ಗುರುವೇ ಜಾರಿ ಬಿದ್ದಿದ್ದಾನೆ" ಎಂಬುದು ಹೊರಗೆ ಬಂತು. ಅವಳು ನಕ್ಕಳು. ಚಹಾ ಕುಡಿದು ಹೋದಳು.

ಈ ಕಾಗದವನ್ನು ಮೊನ್ನೆ ಒಂದು ಸಲ ಬರೆದಿದ್ದೆ. ಅದರಲ್ಲಿ ನಿನ್ನ ಹತ್ತಿರ ಕೇಳಿದ್ದು ಬೇರೆ. ಮಮ್ಮಾಲಿಯ ಗೋರಿ ಮಸೀದಿಯ ಹಿಂದೆ ಇದೆಯಲ್ಲ, ತೋರಿಸಿಬಿಡು, ಅವಳು ಏನೇ ಕೇಳಿದರೂ ತಲೆ ಆಡಿಸು, ಉಳಿದದ್ದು ನಾನು ನೋಡಿಕೊಳ್ಳುತ್ತೇನೆ ಎಂದು. ಸುಳ್ಳು ಎಷ್ಟು ಸಲೀಸು ನೋಡು, ನಿಜವಾದ ಹೆಸರು, ನಿಜವಾದ ಗೋರಿ. ಯಾರೂ ಹಿಡಿಯಲಾರರು. ಆಮೇಲೆ ಬಿಳಿ ಬಟ್ಟೆ ಕತ್ತರಿಸುತ್ತ ಯೋಚಿಸಿದೆ. ಆ ಹಡಗಿನಿಂದ ನಿಜವಾಗಿಯೂ ಒಬ್ಬ ಇಳಿದಿದ್ದಾನೆ ಕಮಲಾಕ್ಷ. ಮಂಗಳೂರಿನವನೋ ಕಲ್ಲಿಕೋಟೆಯವನೋ ಗೊತ್ತಿಲ್ಲ. ಹೆಸರಿಲ್ಲದಿದ್ದರೂ ಅವನಿಗೊಂದು ಪ್ರಾರ್ಥನೆ ಹೋಗುತ್ತಿತ್ತು. ನಾನು ಅದನ್ನು ತಡೆದು ಹನ್ನೆರಡು ವರ್ಷ ಇನ್ನೊಬ್ಬನ ವಿಳಾಸಕ್ಕೆ ಕಳಿಸಿದೆ. ಮೊನ್ನೆಯ ಕಾಗದ ಹರಿದು ಹಾಕಿದೆ.

ಆದ್ದರಿಂದ ಗೋರಿ ತೋರಿಸಬೇಡ. ಅವಳನ್ನು ಕೂರಿಸಿ ಏನಾದರೂ ತಿನ್ನಲು ಕೊಡು, ಆಮೇಲೆ ಈ ಕಾಗದವನ್ನು ಮೊದಲಿನಿಂದ ಗಟ್ಟಿಯಾಗಿ ಓದು. ಲಕೋಟೆಗೆ ಅಂಟು ಹಾಕಿಲ್ಲ. ಅವಳು ಇಲ್ಲಿಯೇ ಹುಟ್ಟಿದವಳು, ಕನ್ನಡ ಕೇಳಿದರೆ ತಿಳಿಯುತ್ತದೆ, ಓದಲು ಬರುವುದಿಲ್ಲ. ಅಷ್ಟು ಧೈರ್ಯದ ಮೇಲೆ ಅವಳ ಚೀಲದಲ್ಲೇ ಇಡುತ್ತಿದ್ದೇನೆ. ಹೇಡಿ ಎಂದು ಬೇಕಾದರೆ ಅವಳ ಎದುರಿಗೇ ಹೇಳು.

ಇಲ್ಲಿಂದ ಮುಂದಿನದು ಅವಳಿಗೆ. ನಿಧಾನ ಓದು.

ಝಾಹಿದಾ ಮಗಳೇ, ಕಾಲಿನ ಹೆಜ್ಜೆ ನಿಜ. ಚೀನೀಯವನು ನಿಜ. ಹಂಚಿನ ಹಡಗು ರುಸ್ಲಿಯ ಗುರುವಿನ ಬಾಯಿಯ ಮಾತು, ಅದನ್ನು ನಾನು ಮುಟ್ಟಿಲ್ಲ. ಮೊಣಕೈಯ ಪಟ್ಟು ಯಾರೋ ಒಬ್ಬ ಕಲಿಸಿದ್ದೇ. ಹೆಸರು ಮಾತ್ರ ನನ್ನ ಕೆಲಸ. ಅವನು ನಿಮ್ಮವನು ಆಗಿರಬಹುದು, ಆಗಿರಲಿಕ್ಕಿಲ್ಲ. ಅಪ್ಪಣೆ ಕೊಡಬೇಕಾದ ರುಸ್ಲಿ ಕೊಟ್ಟು ಹೋಗಿದ್ದಾನೆ, ಆ ಹೊತ್ತಿಗೆ ನಾನು ಅಲ್ಲೇ ಇದ್ದೆ. ತರಗತಿ ನಿಲ್ಲಿಸಬೇಡ. ಹುಡುಗಿಯರಿಗೆ ಬೇಕಾದ ಕಪ್ಪು ಬಟ್ಟೆ ಹೊಲಿದು ಇಡುತ್ತೇನೆ. ನೀನು ಮರಳಿ ಬಂದ ಮೇಲೆ ನನ್ನ ಅಂಗಡಿಗೆ ಬರಲು ಮನಸ್ಸಾಗದಿದ್ದರೆ ನಿಸಾರ್‌ನ ಕೈಯಲ್ಲಿ ಅಳತೆ ಕಳಿಸು. ದೇವರು ನಿನ್ನ ಕೈಕಾಲು ಗಟ್ಟಿಯಾಗಿ ಇಟ್ಟಿರಲಿ.

ಕಮಲಾಕ್ಷ, ನಿನ್ನ ಇನ್ನೊಂದು ಕಮಲವೂ ಬೇಗ ಅರಳಲಿ. ಮನೆಯವರಿಗೆಲ್ಲ ನನ್ನ ನೆನಪು ಹೇಳು, ಮೊಮ್ಮಕ್ಕಳಿಗೆ ಮುತ್ತು.

ನಿನ್ನ,
ಕೊನ್ರಾಡ್

ತಾ.ಕ.: ಇದನ್ನೂ ಓದು, ಬಿಡಬೇಡ. ಕೊನೆಯ ವಾರ ಆಸ್ಪತ್ರೆಯಲ್ಲಿ ರುಸ್ಲಿ ಮುಖದ ಮಾಸ್ಕ್ ಸ್ವಲ್ಪ ಸರಿಸಿ ನನ್ನನ್ನು ಕೇಳಿದ. "ಕೊನ್ರಾಡ್, ಆ ಹೆಸರು ಪಕ್ಕಾನಾ? ಇನ್ನು ಹುಡುಗಿ ಹೇಳಬೇಕು." ಅನುಮಾನದಿಂದ ಕೇಳಿದ್ದಲ್ಲ. ಹೊರಡುವವನು ಎಲ್ಲವನ್ನೂ ಒಂದು ಸಲ ಮುಟ್ಟಿ ನೋಡುತ್ತಾನಲ್ಲ, ಹಾಗೆ. ಕೋಣೆಯಲ್ಲಿ ನಾವಿಬ್ಬರೇ. ನಾನು "ಪಕ್ಕಾ ಅಲ್ಲದಿದ್ದರೆ ಮೇಲೆ ಮಮ್ಮಾಲಿಯೇ ಸಿಗುತ್ತಾನೆ, ಕೇಳಿಕೋ" ಎಂದೆ. ಅವನು ನಕ್ಕ, ಮಾಸ್ಕ್‌ನೊಳಗೆ ಮಂಜು ಕಟ್ಟಿತು. ಆಮೇಲೆ ಡ್ಯೂಟಿಗೆ ಬಂದ ವೆಲಿಟಾಳ ಹತ್ತಿರ ಪೆನ್ನು ಕೇಳಿ ಪುಸ್ತಕದಲ್ಲಿ ಏನೋ ಬರೆದ. ಏನೆಂದು ಹೋದ ಶುಕ್ರವಾರ ಗೊತ್ತಾಯಿತು. ಝಾಹಿದಾ ಮೊದಲ ಸಲ ಹೆಸರುಗಳನ್ನು ಹೇಳಿದಳು. ರುಸ್ಲಿಯ ಹೆಸರಾದ ಮೇಲೆ ಇನ್ನೊಂದು ಸಾಲು ಇತ್ತು: "ಕೊನ್ರಾಡ್, ದರ್ಜಿ, ಕಳೆದುಹೋದ ಹೆಸರನ್ನು ತಂದುಕೊಟ್ಟವನು." ಹದಿನೇಳು ಮಂದಿ ಕಣ್ಣು ಮುಚ್ಚಿ ನನಗಾಗಿ ಪ್ರಾರ್ಥಿಸಿದರು. ಪುಸ್ತಕ ಅವಳ ಜೊತೆಗೇ ಇರುತ್ತದೆ, ಮಮ್ಮಾಲಿಯ ಹೆಸರು ಹೊಡೆದುಹಾಕುವ ಮೊದಲು ಆ ಸಾಲನ್ನು ಹೊಡೆದುಹಾಕಲು ಹೇಳು. ಅವಳಿಗೆ ಕೈ ಬಾರದಿದ್ದರೆ ನೀನೇ ಗೀಟು ಎಳೆ.