ಕಪ್ಪು ಕೋಟಿನ ಸಾಹೇಬ ಕೊಡಿಸಿದ ಬ್ರಶ್

ಅಪ್ಪಾ,

ಗೆದ್ದ ಸುದ್ದಿ ಮೊದಲು ನಿನಗೇ ಹೇಳಬೇಕು ಅಂತ ಕೂತಿದ್ದೀನಿ.

ಸಿಡ್ನಿಗೆ ಹೋಗಿದ್ದು ನೆನಪಿದೆಯಾ? ಗಿರಾವೀನ್‌ನಲ್ಲಿ ಚಿಕ್ಕಮ್ಮನ ಮನೇಲಿ ಉಳಿದು ಗ್ಯಾಲರಿಗೆ ಹೋದ್ವಿ. "ಅರ್ಧ ಗಂಟೆ ಸಾಕು" ಅಂದವನು ನೀನು, ಒಂದೇ ಚಿತ್ರದ ಮುಂದೆ ನಿಂತುಬಿಟ್ಟೆ. ನೂರೈವತ್ತು ವರ್ಷದ ಹಿಂದೆ ರಷ್ಯಾದಲ್ಲಿ ಯಾರೋ ಬರೆದ ತೈಲಚಿತ್ರ. ಕಪ್ಪು ಕೋಟಿನ ಸಾಹೇಬ, ಊದಿದ ಕಣ್ರೆಪ್ಪೆ, ಕೆನ್ನೆ ಮೇಲೊಂದು ನರುಲಿ. "ನೋಡು ಮಗಾ, ಇವನನ್ನ ಒಂಚೂರೂ ಹೊಗಳಿಲ್ಲ. ಆದ್ರೂ ಎಷ್ಟು ಮರ್ಯಾದೆ ಕೊಟ್ಟಿದ್ದಾನೆ! ನಾನು ನಲವತ್ತು ವರ್ಷ ಹೀರೋಗಳ ಕೆನ್ನೆಗೆ ಗುಲಾಬಿ ಬಳಿದೆ ಅಷ್ಟೆ." ಹಿಂದೆ ಸರೀರಿ ಅಂತ ಗಾರ್ಡು ಎರಡು ಸಲ ಹೇಳಿದ. ನಿನಗೆ ಕೇಳಿಸಿತ್ತಾ?

ಮೈಸೂರಿನ ಥಿಯೇಟರುಗಳಿಗೆ ಕಟೌಟ್ ಬರೀತಿದ್ದ ಕಾಲದಲ್ಲಿ ನನ್ನ ಕೈಯಿಂದ ಬ್ರಶ್ ಕಿತ್ಕೊಂಡಿದ್ದೆ ನೀನು. "ಈ ಕಸುಬು ಸತ್ತೋಯ್ತು, ಕಂಪ್ಯೂಟರ್ ಕಲಿ." ಎಷ್ಟು ವರ್ಷ ಸಿಟ್ಟಿತ್ತು ಗೊತ್ತಾ? ಸಿಡ್ನಿಯಿಂದ ವಾಪಸ್ ಬಂದ ವಾರವೇ ಟಾರ್ನೀಟ್‌ನ ನಮ್ಮ ಮನೆ ಗ್ಯಾರೇಜಲ್ಲಿ ನೀನೇ ಕ್ಯಾನ್ವಾಸ್ ಕಟ್ಟಿದೆ, ನೀನೇ ಬ್ರಶ್ ಕೊಟ್ಟೆ. "ನನ್ನನ್ನೇ ಬರಿ. ಹೊಗಳಿದ್ರೆ ಏಟು!"

ಆರು ಭಾನುವಾರ ಆ ಸಾಹೇಬನ ಹಾಗೇ ನೆಟ್ಟಗೆ ಕೂತೆ ನೀನು. ಏಳನೇ ಭಾನುವಾರಕ್ಕೆ ಕುರ್ಚಿ ಖಾಲಿ. ಶುಕ್ರವಾರವೇ ನಿನ್ನ ಎದೆ...

ಮುಖ ಮುಗಿದಿತ್ತು, ಕೈ ಬಾಕಿ. ತಿಂಗಳುಗಟ್ಟಲೆ ಗ್ಯಾರೇಜ್ ಕಡೆ ಹೋಗಲಿಲ್ಲ. ಒಂದು ಬೆಳಿಗ್ಗೆ ನಿನ್ನ ಮೊಮ್ಮಗಳು ಸೈಕಲ್ ತರೋಕೆ ಹೋದವಳು ಓಡಿಬಂದು, "ಅಮ್ಮಾ, ತಾತ ಹ್ಯಾಸ್ ನೋ ಹ್ಯಾಂಡ್ಸ್!" ಅಂದಳು. ಅವತ್ತೇ ಬಣ್ಣ ಕಲೆಸಿದೆ. ಫೋಟೋ ನೋಡಲಿಲ್ಲ. ಉಗುರಿನ ಸಂದಿಯ ಹಸಿರು, ಏಣಿಯಿಂದ ಬಿದ್ದು ಸೊಟ್ಟಗಾದ ಬೆರಳು, ಎಲ್ಲಾ ನನ್ನ ಕೈಗೇ ಗೊತ್ತಿತ್ತು. ಹೊಗಳಲಿಲ್ಲ ಅಪ್ಪಾ, ಒಂಚೂರೂ.

ನಮ್ಮ ಸಬರ್ಬಿನ ಭಾವಚಿತ್ರ ಸ್ಪರ್ಧೆಗೆ ಕಳಿಸಿದೆ. ನಿನ್ನೆ ರಿಸಲ್ಟ್. ಮೊದಲ ಬಹುಮಾನ ನಮ್ಮದು! "ಈ ಕೈಗಳನ್ನ ನೋಡೋಕೆ ಮೂರು ಸಲ ವಾಪಸ್ ಬಂದೆ" ಅಂದರು ಜಡ್ಜು. ಮೊಮ್ಮಗಳು ಇಡೀ ಹಾಲ್‌ಗೆ ಕೇಳೋ ಹಾಗೆ "ದಟ್ಸ್ ಮೈ ತಾತ!" ಅಂತ ಕೂಗಿದಳು. ನಾನು ಅತ್ತೆ ಅಂದ್ಕೊಂಡ್ಯಾ? ಎರಡು ಬೆರಳು ಬಾಯಿಗಿಟ್ಟು ಶಿಳ್ಳೆ ಹೊಡೆದೆ, ಮೊದಲ ದಿನ ಮೊದಲ ಶೋಗೆ ಹೊಡೆಯೋ ಹಾಗೆ.

ಕೋಲೂರಿಕೊಂಡು ಬಂದ ಅಜ್ಜಿಯೊಬ್ಬರು ನಿನ್ನ ಮುಂದೆ ತುಂಬಾ ಹೊತ್ತು ನಿಂತಿದ್ದರು. ಏನು ಕೆಲಸ ಮಾಡ್ತಿದ್ದರು ಇವರು ಅಂತ ಕೇಳಿದರು. ಪೇಂಟರ್ ಅಂದೆ. "ಮತ್ತೆ ನೀನು?" ಅಂತ ನನ್ನ ಕಡೆ ತಿರುಗಿದರು. ಈ ದೇಶಕ್ಕೆ ಬಂದಾಗಿನಿಂದ ಯಾರು ಕೇಳಿದರೂ ಐಟಿ ಅಂತಲೇ ಹೇಳ್ಕೊಂಡು ಬಂದವಳು ನಾನು. ನಿನ್ನೆ ಬೇರೆ ಉತ್ತರ ಕೊಟ್ಟೆ ಅಪ್ಪಾ.

"ನಾನೂ ಪೇಂಟರೇ."