ಅವಸರ ಬಿಟ್ಟವರನ್ನು ಆರೋಗ್ಯವಂತರೆಂದು ಎಣಿಸಿದ ಕೇಂದ್ರಕ್ಕೆ

ಮಾನ್ಯ ನಿರ್ದೇಶಕರೇ,

ನಿಮ್ಮ ಹೃದಯ ಅಧ್ಯಯನ ಕೇಂದ್ರ ನಮ್ಮೂರಿನ ಐವತ್ತೆಂಟು ಮಂದಿಗೆ ಎದೆನೋವಿಲ್ಲ ಎಂದು ಬರೆದುಕೊಂಡಿದೆ. ನೋವಿದೆಯೇ ಎಂದು ಅವರನ್ನು ಸರಿಯಾಗಿ ಕೇಳಲೇ ಇಲ್ಲ. ಇದು ನನಗೆ ಹೇಗೆ ಗೊತ್ತೆಂದರೆ, ಕೇಳದೆ ಬಿಟ್ಟವರಲ್ಲಿ ನಾನೂ ಒಬ್ಬ. ಹದಿನಾಲ್ಕು ತಿಂಗಳು ನಿಮ್ಮಲ್ಲಿ, ಬಂದವರಿಗೆ ಪ್ರಶ್ನೆ ಓದಿ ಉತ್ತರ ಗುರುತು ಹಾಕುವ ಕೆಲಸ ಮಾಡಿದ್ದೇನೆ. ಈ ವಿಷಯವನ್ನು ನಿಮ್ಮ ಕಚೇರಿಗೆ ಮೂರು ಸಲ ಬರೆದೆ. ಎರಡಕ್ಕೆ ಉತ್ತರವಿಲ್ಲ. ಮೂರನೆಯದಕ್ಕೆ, ಪ್ರಶ್ನೆಗಳನ್ನು ಬದಲಿಸಿದರೆ ಐವತ್ತು ವರ್ಷದ ಹೋಲಿಕೆ ಕೆಡುತ್ತದೆ, ನಿಮ್ಮ ಆಸಕ್ತಿಗೆ ಧನ್ಯವಾದ ಎಂದು ಬಂತು. ಆಸಕ್ತಿ ಇನ್ನೂ ಉಳಿದಿರುವುದರಿಂದ ಈಗ ಪತ್ರಿಕೆಗೆ ಕೊಡುತ್ತಿದ್ದೇನೆ.

ನಾನು ಹತ್ತನೇ ತರಗತಿ ಮುಗಿಸಿದವನಲ್ಲ. ಕೂತಲ್ಲಿ ಕೂರಲಾರದೆ ಶಾಲೆ ಬಿಟ್ಟೆ, ಗೋಧಿ ಗೋದಾಮಿನ ಕೆಲಸ ಬಿಟ್ಟೆ, ಟೈರಿನ ಅಂಗಡಿ ಬಿಟ್ಟೆ. ನಿಮ್ಮ ಕೆಲಸವೊಂದನ್ನು ಮಾತ್ರ ನಾನು ಬಿಡಲಿಲ್ಲ, ಅದೇ ನನ್ನನ್ನು ಬಿಟ್ಟಿತು. ಆದ್ದರಿಂದ ನೀವು ಇದನ್ನು ಓದದವನ ಹಗೆ ಎಂದು ತಿಳಿಯಬಹುದು. ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ: ನಮ್ಮ ಅಜ್ಜನ ರಕ್ತದೊತ್ತಡವನ್ನು ಮೊದಲು ಕಂಡುಹಿಡಿದದ್ದು ನಿಮ್ಮ ಕೇಂದ್ರವೇ. ಆ ಮೇಲೆ ಅವರು ಇಪ್ಪತ್ತೊಂದು ವರ್ಷ ಬದುಕಿ, ಎಲ್ಲರ ಜೊತೆ ಜಗಳವಾಡಿ, ತೃಪ್ತಿಯಿಂದ ಹೋದರು. ಮ್ಯಾನಿಟೋಬಾ ಪ್ರಾಂತ್ಯದ ಈ ಚಪ್ಪಟೆ ಬಯಲಲ್ಲಿ ನಿಮ್ಮ ಮುದ್ರೆಯ ಕಾಗದಕ್ಕೆ ಪಾದ್ರಿಯ ಮಾತಿಗಿಂತ ಹೆಚ್ಚು ಬೆಲೆಯಿದೆ. ನನ್ನ ಸಂಕಟ ಇರುವುದೂ ಅಲ್ಲೇ.

ಕೆಲಸಕ್ಕೆ ಸೇರಿದ ದಿನ ನನಗೆ ಕಲಿಸಿದ್ದು ಒಂದೇ ನಿಯಮ: ಬರೆದದ್ದನ್ನು ಬರೆದ ಹಾಗೆ ಓದು, ವಿವರಿಸಬೇಡ, ಹೆಚ್ಚು ಕೇಳಬೇಡ. ನಿಯಮಕ್ಕೆ ಕಾರಣವಿದೆ ಎಂದು ಒಪ್ಪುತ್ತೇನೆ. ಪ್ರತಿಯೊಬ್ಬನೂ ತನಗೆ ತೋಚಿದ ಹಾಗೆ ಕೇಳಿದರೆ ಉತ್ತರಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಲಾಗುವುದಿಲ್ಲ. ಈಗ ಎಂಟನೆಯ ಪುಟದ ಪ್ರಶ್ನೆ ನೋಡಿ. "ಏರು ಹತ್ತುವಾಗ ಅಥವಾ ಅವಸರದಲ್ಲಿ ನಡೆಯುವಾಗ ನಿಮಗೆ ಎದೆಯಲ್ಲಿ ನೋವು ಬರುತ್ತದೆಯೇ?" ಕೆಳಗೆ ಮೂರು ಚೌಕ. ಹೌದು. ಇಲ್ಲ. ಏರು ಹತ್ತುವುದೂ ಇಲ್ಲ, ಅವಸರ ಮಾಡುವುದೂ ಇಲ್ಲ. ಹೌದು ಎಂದವರಿಗೆ ಇನ್ನೂ ಏಳು ಪ್ರಶ್ನೆ, ಓಡುವ ಪಟ್ಟಿಯ (ಟ್ರೆಡ್‌ಮಿಲ್) ಮೇಲೆ ನಡೆಸುವ ಪರೀಕ್ಷೆ, ವೈದ್ಯರ ಭೇಟಿ. ಮೂರನೆಯ ಚೌಕದವರಿಗೆ ಇದ್ಯಾವುದೂ ಇಲ್ಲ. ಪುಟ ತಿರುಗಿಸಿ ಉಪ್ಪಿನಕಾಯಿ ವಾರಕ್ಕೆಷ್ಟು ಸಲ ತಿನ್ನುತ್ತೀರಿ ಎಂದು ಕೇಳಬೇಕು. ಎಣಿಕೆಯಲ್ಲಿ ಅವರು ನೋವಿಲ್ಲದವರ ಸಾಲಿಗೆ ಸೇರುತ್ತಾರೆ.

ನಮ್ಮೂರಲ್ಲಿ ಏರು ಎಂದರೆ ರೈಲು ಹಳಿ ದಾಟುವ ಜಾಗ ಒಂದೇ. ಅದನ್ನೂ ಜನ ಟ್ರಕ್ಕಿನಲ್ಲಿ ಕೂತು ಹತ್ತುತ್ತಾರೆ. ಈ ಪ್ರಶ್ನೆ ಬರೆದ ಪುಣ್ಯಾತ್ಮರು ಯಾವ ಗುಡ್ಡದ ಮೇಲೆ ವಾಸವಾಗಿದ್ದರೋ ಗೊತ್ತಿಲ್ಲ.

ಕಳೆದ ಅಕ್ಟೋಬರಿನಲ್ಲಿ ಸ್ಟೆಫಾ ಬಿಲೂಸ್ ನನ್ನ ಮುಂದೆ ಬಂದು ಕೂತರು. ನಮ್ಮ ಪಕ್ಕದ ಮನೆಯವರು, ಚರ್ಚಿನ ನೆಲಮಾಳಿಗೆಯ ಅಡುಗೆಮನೆಯ ಯಜಮಾನಿ. ನಿಮ್ಮ ಕೇಂದ್ರಕ್ಕೆ ಖಾಲಿ ಹೊಟ್ಟೆಯಲ್ಲಿ ರಕ್ತ ಕೊಟ್ಟು ಬಂದವರಿಗೆಲ್ಲ ಆಲೂಗಡ್ಡೆ ತುಂಬಿದ ಪೆರೋಗಿ ಕಡುಬನ್ನು ಬೆಣ್ಣೆ, ಈರುಳ್ಳಿ ಹಾಕಿ ಬಡಿಸುವವರು ಅವರೇ. ಹೃದಯ ಸಂಶೋಧನೆಗೆ ಇದಕ್ಕಿಂತ ದೊಡ್ಡ ಕೊಡುಗೆ ಕೊಟ್ಟವರಿಲ್ಲ. ನಾನು ಪ್ರಶ್ನೆ ಓದಿದೆ.

"ಏರಾ? ಈ ಊರಲ್ಲಾ? ಯಾವನೋ ಬರ್ದಿದ್ದು ಇದನ್ನ?"

"ಅತ್ತೆ, ಉತ್ತರ ಹೇಳಿ. ಹೌದು, ಇಲ್ಲ, ಇಲ್ಲಾಂದ್ರೆ ಅವಸರ ಮಾಡೋದೇ ಇಲ್ಲ."

"ಹಂಗಾದ್ರೆ ಮೂರನೇದು ಹಾಕ್ಕೋ. ಎರಡು ವರ್ಷ ಆಯ್ತು ಅವಸರ ಬಿಟ್ಟು. ಕರ್ಲಿಂಗಲ್ಲಿ ಪೊರಕೆ ಹಿಡಿಯೋದೂ ಬಿಟ್ಟೆ. ಈಗ ಸ್ಕೋರು ಬರೀತೀನಿ, ಆಡೋರಿಗೆ ಬೈತೀನಿ, ಅಷ್ಟೇ."

ಮಂಜುಗಡ್ಡೆಯ ಮೇಲೆ ಜಾರುವ ಕಲ್ಲಿನ ಮುಂದೆ ಪೊರಕೆ ಉಜ್ಜುತ್ತ ಓಡುವ ಆ ಆಟದಲ್ಲಿ ಮೂವತ್ತು ವರ್ಷ ಅವರನ್ನು ಮೀರಿಸುವವರಿರಲಿಲ್ಲ. ಅಂಥವರು ಪೊರಕೆ ಕೆಳಗಿಟ್ಟರು ಎಂದರೆ ಯಾಕೆ ಎಂದು ಕೇಳಬೇಕಿತ್ತು. ಆ ಮಾತು ನನ್ನ ಬಾಯಿಗೆ ಬಂದಿತ್ತು. ನಿಯಮ ನೆನಪಾಯಿತು. ಮೂರನೆಯ ಚೌಕದಲ್ಲಿ ಗುರುತು ಹಾಕಿ ಉಪ್ಪಿನಕಾಯಿಗೆ ಹೋದೆ. ಮಲಗಿಸಿ ತೆಗೆದ ಇಸಿಜಿ ಸರಿಯಾಗಿಯೇ ಬಂತು. ಮಲಗಿದವರ ಹೃದಯಕ್ಕೆ ಅಂಥ ಕೆಲಸವೇನಿರುತ್ತದೆ?

ಮೂರು ವಾರ ಕಳೆದ ಮೇಲೆ, ಹಿಟ್ಟು ನಾದುತ್ತ ಅವರೇ ಹೇಳಿದರು. "ಪೊರಕೆ ಹಿಡ್ದು ನಾಲ್ಕು ಹೆಜ್ಜೆ ಓಡಿದ್ರೆ ಎದೆ ಮೇಲೆ ಗೋಧಿ ಮೂಟೆ ಇಟ್ಟಂಗಾಗ್ತಿತ್ತು ಕಣೋ. ದವಡೆವರೆಗೂ ಎಳೀತಿತ್ತು. ಓಡೋದು ಬಿಟ್ಟೆ, ಅದೂ ಬಿಡ್ತು."

"ಮತ್ತೆ ಅವತ್ತು ಯಾಕೆ ಹೇಳ್ಲಿಲ್ಲ?"

"ನೀನು ಕೇಳಿದ್ಯಾ?"

ನಿಮ್ಮ ಕಾಯುವ ಕೋಣೆಯ ಗೋಡೆಯ ಮೇಲೊಂದು ಚಿತ್ರವಿದೆ. ಕೆಲಸವಿಲ್ಲದಾಗ ಅದರ ಮುಂದೆ ನಿಂತು ನಾನು ಕಲಿತದ್ದು ಇಷ್ಟು. ಹೃದಯಕ್ಕೆ ರಕ್ತ ಒಯ್ಯುವ ನಾಳದ ಗೋಡೆಯಲ್ಲಿ ಕೊಬ್ಬು ಸೇರಿ ದಾರಿ ಕಿರಿದಾಗುತ್ತದೆ. ಸುಮ್ಮನೆ ಕೂತವರಿಗೆ ಆ ಕಿರುದಾರಿಯ ರಕ್ತ ಸಾಕು. ಓಡಿದರೆ ಹೃದಯ ಹೆಚ್ಚು ಕೇಳುತ್ತದೆ, ದಾರಿ ಕೊಡುವುದಿಲ್ಲ, ಆಗ ನೋವು. ಹಾಗಾದರೆ ಓಡುವುದನ್ನು ಬಿಟ್ಟವರ ನೋವು ಹೋಗುತ್ತದೆ, ಕೊಬ್ಬು ಅಲ್ಲೇ ಇರುತ್ತದೆ. ನೋವನ್ನು ತಪ್ಪಿಸಿಕೊಳ್ಳಲು ಬದುಕನ್ನೇ ಕತ್ತರಿಸಿಕೊಂಡವರನ್ನು ನೀವು ನೋವಿಲ್ಲದವರು ಎನ್ನುತ್ತೀರಿ. ಶಾಲೆ ಬಿಟ್ಟವನಿಗೆ ನಿಮ್ಮದೇ ಚಿತ್ರದಿಂದ ಅರ್ಥವಾದದ್ದು ನಿಮ್ಮ ಪ್ರಶ್ನಾವಳಿಗೆ ಯಾಕೆ ಅರ್ಥವಾಗುವುದಿಲ್ಲ?

ಅರ್ಥವಾಗದಿದ್ದರೆ ಹೋಗಲಿ, ತಿರುಗಾಮುರುಗಾ ಅರ್ಥ ಮಾಡಿಕೊಂಡಿರಿ. ಜನವರಿಯಲ್ಲಿ ಕೇಂದ್ರದ ಐವತ್ತನೆಯ ವರ್ಷದ ಊಟದ ದಿನ ನೀವೇ ವೇದಿಕೆಯಲ್ಲಿ ನಿಂತು ಹೇಳಿದಿರಿ: ಈ ಊರಿನಲ್ಲಿ ಅವಸರ ಮಾಡದವರಲ್ಲಿ ಎದೆನೋವು ಶೂನ್ಯ, ಧಾವಂತವಿಲ್ಲದ ಬದುಕು ಹೃದಯವನ್ನು ಕಾಯುತ್ತದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ನಿಧಾನಸ್ಥರೆಂದು ಪಟ್ಟಣದವರಿಂದ ಬೈಸಿಕೊಂಡು ಸಾಕಾದ ಜನ, ಯಾಕೆ ತಟ್ಟುವುದಿಲ್ಲ? ಹೊರಡುವಾಗ ಫ್ರಿಜ್ಜಿಗೆ ಅಂಟಿಸುವ ಒಂದೊಂದು ಆಯಸ್ಕಾಂತ ಕೊಟ್ಟಿರಿ. "ನಿಧಾನವೇ ಹೃದಯಕ್ಕೆ ಹಿತ." ನಿರ್ದೇಶಕರೇ, ಕಾಲು ಮುರಿದು ಹಾಸಿಗೆಯಲ್ಲಿರುವವರು ಯಾರೂ ಎಡವಿ ಬೀಳುವುದಿಲ್ಲ. ಹಾಗೆಂದು ಕಾಲು ಮುರಿದುಕೊಳ್ಳುವುದು ಒಳ್ಳೆಯದೆಂದು ಪ್ರಬಂಧ ಬರೆಯುತ್ತೀರಾ? ಶೂನ್ಯ ಯಾಕೆ ಬಂತೆಂದರೆ, ಅವರನ್ನು ಆ ಏಳು ಪ್ರಶ್ನೆ ಕೇಳಲೇಬಾರದು ಎಂದು ನೀವೇ ನಿಯಮ ಮಾಡಿದ್ದೀರಿ.

ಈಗ ಸ್ಟೆಫಾ ಅತ್ತೆಯ ಫ್ರಿಜ್ಜಿನ ಬಾಗಿಲ ಮೇಲೆ ಆ ಆಯಸ್ಕಾಂತದ ಅಡಿಯಲ್ಲಿ ನಿಮ್ಮ ಮುದ್ರೆಯ ಕಾಗದವಿದೆ. "ತಮ್ಮ ಉತ್ತರಗಳಲ್ಲಿ ಹೃದಯ ಸಂಬಂಧಿ ಎದೆನೋವಿನ ಸೂಚನೆ ಕಂಡುಬಂದಿಲ್ಲ." ಡಾಕ್ಟರ ಹತ್ತಿರ ಹೋಗೋಣ, ನಾನೇ ಕಾರಲ್ಲಿ ಕರೆದೊಯ್ಯುತ್ತೇನೆ ಎಂದು ನಾಲ್ಕು ಸಲ ಕೇಳಿದ್ದೇನೆ. ಪ್ರತಿ ಸಲವೂ ಚಮಚದಲ್ಲಿ ಆ ಕಾಗದವನ್ನೇ ತೋರಿಸುತ್ತಾರೆ.

"ಹತ್ತನೇ ಕ್ಲಾಸು ದಾಟದೋನ ಮಾತು ಕೇಳ್ಲಾ, ಐವತ್ತು ವರ್ಷದಿಂದ ಹೃದಯಾನೇ ನೋಡ್ತಿರೋರ ಮಾತು ಕೇಳ್ಲಾ?"

"ಅತ್ತೆ, ಆ ಚೌಕದಲ್ಲಿ ಗುರುತು ಹಾಕಿದ್ದು ನಾನೇ."

"ಅದಕ್ಕೇ ಹೇಳಿದ್ದು. ನೀನು ಹಾಕಿದ್ದನ್ನ ದೊಡ್ಡೋರು ನೋಡಿ ಸರಿ ಅಂದಿದ್ದಾರೆ."

ಯಾರೂ ನೋಡಿಲ್ಲ, ಯಂತ್ರ ಎಣಿಸಿದೆ ಎಂದರೆ ನಂಬುವುದಿಲ್ಲ.

ಆ ಮೇಲೆ ಮೂರನೆಯ ಚೌಕದವರು ಬಂದಾಗಲೆಲ್ಲ ನಾನು ಹಾಳೆಯ ಅಂಚಿನಲ್ಲಿ "ಯಾಕೆ ಬಿಟ್ಟರು ಎಂದು ಕೇಳಿ" ಎಂದು ಬರೆಯತೊಡಗಿದೆ. ಮೇಲ್ವಿಚಾರಕಿ ಕೆಟ್ಟವರಲ್ಲ, ಎರಡು ಸಲ ಕರೆದು ಬುದ್ಧಿ ಹೇಳಿದರು. "ನೆಸ್ಟರ್, ಚೌಕ ಮಾತ್ರ ನಿಂದು ಕಣಪ್ಪ. ಅಂಚು ನಿಂದಲ್ಲ." ಮೂರನೆಯ ಸಲ ಕೆಲಸವೂ ನನ್ನದಲ್ಲ ಎಂದಾಯಿತು. ಅದಕ್ಕೆ ದೂರಿಲ್ಲ, ನಿಯಮ ಮುರಿದದ್ದು ನಿಜ. ಹೆಸರುಗಳನ್ನು ನಾನು ಹೊರಗೆ ತಂದಿಲ್ಲ. ಐವತ್ತೆಂಟು ಎಂಬ ಸಂಖ್ಯೆ ಸಿಬ್ಬಂದಿಯ ಕೋಣೆಯ ಗೋಡೆಯ ಮೇಲೆ ಎಲ್ಲರಿಗೂ ಕಾಣುವಂತೆ ಇತ್ತು. ಅದರಲ್ಲಿ ಹನ್ನೊಂದು ನನ್ನ ಕೈಯವು. ಎಲ್ಲರಿಗೂ ಕಾಯಿಲೆ ಇದೆ ಎಂದು ನಾನು ಹೇಳುತ್ತಿಲ್ಲ. ಕೆಲವರಿಗೆ ಮಂಡಿ ನೋವಿರಬಹುದು, ಕೆಲವರು ಹುಟ್ಟಾ ಸೋಮಾರಿಗಳಿರಬಹುದು. ಯಾರು ಯಾವುದು ಎಂದು ನನಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ನಾನು ಮಾತ್ರ ಗೊತ್ತಿಲ್ಲ ಎನ್ನುತ್ತಿದ್ದೇನೆ.

ಚರ್ಚಿನ ನೆಲಮಾಳಿಗೆಯಿಂದ ಮೇಲಕ್ಕೆ ಹದಿಮೂರು ಮೆಟ್ಟಿಲು. ಕಳೆದ ಭಾನುವಾರ ಸ್ಟೆಫಾ ಅತ್ತೆಯ ಹಿಂದೆ ನಾನು ಹತ್ತುತ್ತಿದ್ದೆ. ಏಳನೆಯ ಮೆಟ್ಟಿಲಲ್ಲಿ ನಿಂತರು. ಕೈಯಲ್ಲಿದ್ದ ತಟ್ಟೆಯನ್ನು ಹಿಂತಿರುಗಿ ನೋಡದೆ ನನಗೆ ಕೊಟ್ಟು, ಬಗ್ಗಿ ಬೂಟಿನ ಲೇಸು ಕಟ್ಟಿಕೊಂಡರು. ಬಹಳ ಹೊತ್ತು ಕಟ್ಟಿಕೊಂಡರು. ಅವರ ಬೂಟಿಗೆ ಲೇಸಿಲ್ಲ, ಜಿಪ್ ಇದೆ.

ಮೇಲೆ ಹೋದ ಮೇಲೆ, ಅವರ ವಿಷಯವನ್ನು ಪತ್ರಿಕೆಗೆ ಬರೆಯಲೇ ಎಂದು ಅತ್ತೆಯನ್ನೇ ಕೇಳಿದೆ.

"ಬರ್ಕೋ. ಹೆಸರು ಹಾಕು, ವಯಸ್ಸು ಹಾಕ್ಬೇಡ. ಆ ಕೇಂದ್ರದೋರು ಡಾಕ್ಟ್ರ ಹತ್ರ ಹೋಗಿ ಅಂತ ಕಾಗದದಲ್ಲಿ ಬರೆದುಕೊಟ್ರೆ ಹೋಗ್ತೀನಿ. ನೀನು ಹೇಳ್ದೆ ಅಂತ ಹೋಗಲ್ಲ."

ಪ್ರಶ್ನೆಯನ್ನು ಬದಲಿಸಿ ಎಂದು ನಾನು ಇನ್ನು ಕೇಳುವುದಿಲ್ಲ. ನಿಮ್ಮ ಹೋಲಿಕೆ ಇನ್ನೂ ಐವತ್ತು ವರ್ಷ ಕೆಡದೆ ಇರಲಿ. ನಾನು ಕೇಳುವುದು ಐವತ್ತೆಂಟು ಕಾಗದ. ಬರೆಯಲು ಕಷ್ಟವಾದರೆ ಒಕ್ಕಣೆ ಇಲ್ಲಿದೆ: "ತಮಗೆ ಎದೆನೋವಿಲ್ಲ ಎಂದು ನಾವು ಬರೆದದ್ದು ತಪ್ಪು. ನಾವು ಪೂರ್ತಿ ಕೇಳಿರಲಿಲ್ಲ. ತಾವು ಅವಸರವನ್ನು ಬಿಟ್ಟದ್ದು ಎದೆಯ ಕಾರಣಕ್ಕಾಗಿದ್ದರೆ ಈ ವಾರವೇ ವೈದ್ಯರನ್ನು ಕಾಣಿ." ಕೆಳಗೆ ನಿಮ್ಮ ಸಹಿ ಬೇಕು, ಅದಕ್ಕಿಂತ ಮುಖ್ಯವಾಗಿ ಮುದ್ರೆ ಬೇಕು. ಸ್ಟೆಫಾ ಅತ್ತೆಯ ಫ್ರಿಜ್ಜಿನ ಮೇಲಿನ ಹಳೆಯ ಕಾಗದ ತೆಗೆದು ಇದನ್ನು ನಾನೇ ಅಂಟಿಸುತ್ತೇನೆ. ಕಾರು ಬಾಗಿಲಲ್ಲೇ ನಿಂತಿರುತ್ತದೆ.

ಆಯಸ್ಕಾಂತದ ಮೇಲೆ ನೀವು ಏನೇ ಬರೆದಿರಲಿ, ಇದೊಂದರಲ್ಲಿ ಅವಸರ ಮಾಡಿ.

ಇಂತಿ,
ಹನ್ನೊಂದು ಮಂದಿಯನ್ನು ಮೂರನೆಯ ಚೌಕಕ್ಕೆ ತಳ್ಳಿ ಪುಟ ತಿರುಗಿಸಿದವನು,
ನೆಸ್ಟರ್ ಕೊವಲ್
(ಹತ್ತನೇ ತರಗತಿ, ಅಪೂರ್ಣ)