ಕಾಗದದೊಳಗಿನ ಸಕ್ಕರೆ

ಪ್ರಯೋಗಾಲಯ, ಎರಡನೆಯ ಮಹಡಿ, ತಕ್ಕಡಿ ಕೋಣೆ
ಮಂಗಳವಾರ, ೧೨ ಮಾರ್ಚ್

ಪ್ರೀತಿಯ ಅಣ್ಣಾ,

‘ಪ್ರೀತಿಯ’ ಅನ್ನುವುದು ಅಭ್ಯಾಸಬಲದಿಂದ ಬಂದುಬಿಟ್ಟಿತು, ಹೊಡೆದುಹಾಕಲು ಮನಸ್ಸು ಬರಲಿಲ್ಲ. ನಿನ್ನ ಬೆನ್ನುನೋವು ಹೇಗಿದೆ? ಶಾಲೆಯಲ್ಲಿ ದಿನವಿಡೀ ನಿಂತೇ ಪಾಠ ಮಾಡುತ್ತೀಯೋ, ಒಂದು ಕುರ್ಚಿಯನ್ನಾದರೂ ಕೊಟ್ಟಿದ್ದಾರೋ? ಅಮ್ಮ ಚೆನ್ನಾಗಿದ್ದಾಳೆ. ಮಂಡಿಗೆ ಎಣ್ಣೆ ಹಚ್ಚಿಕೊಂಡು, ಕನ್ನಡಕ ಏರಿಸಿಕೊಂಡು, ನಿನ್ನ ಎರಡು ಸಾಲಿನ ಮೆಸೇಜನ್ನು ನಾಲ್ಕು ನಾಲ್ಕು ಸಲ ಓದುತ್ತಾಳೆ. ನಾನೂ ಗಟ್ಟಿಯಾಗಿದ್ದೇನೆ. ಕ್ಷೇಮಸಮಾಚಾರ ಇಲ್ಲಿಗೆ ಮುಗಿಯಿತು. ಇನ್ನು ಮುಂದಿರುವುದೆಲ್ಲ ಬೈಗುಳ, ಕೂತುಕೊಂಡು ಓದು. ಫೋನ್ ಮಾಡಿದರೆ ‘ಕ್ಲಾಸಿದೆ ಕಣೇ, ಆಮೇಲೆ’ ಅಂತ ಇಟ್ಟುಬಿಡುತ್ತೀಯ. ಐದು ವರ್ಷದಿಂದ ಆ ‘ಆಮೇಲೆ’ ಬಂದಿಲ್ಲ. ಕಾಗದವನ್ನು ಮಾತ್ರ ನೀನು ಹಾಗೆ ಅರ್ಧಕ್ಕೆ ಇಡಲಾರೆ, ನಿನ್ನ ಸ್ವಭಾವ ನನಗೆ ಗೊತ್ತು.

ಹೋದ ವಾರ ಹಳೆಯ ಮಾದರಿಗಳ ಕಪಾಟು ಖಾಲಿ ಮಾಡುವ ಕೆಲಸ ನನ್ನ ತಲೆಗೆ ಕಟ್ಟಿದರು. ಐದು ವರ್ಷ ತುಂಬಿದ ಬಾಟಲಿಗಳನ್ನು ಇಪ್ಪತ್ತೆರಡನೇ ತಾರೀಕು, ಶುಕ್ರವಾರ ಎಸೆಯಬೇಕು, ಅವುಗಳ ಕಡತಗಳನ್ನೂ ಅವತ್ತೇ ಮುಚ್ಚಬೇಕು. ತೀರಾ ಕೆಳಗಿನ ಹಲಗೆಯಲ್ಲಿ ೪೧೭ ಸಿಕ್ಕಿತು. ಪರೀಕ್ಷೆ ಆದ ಮೇಲೆ ಹಾಕಿದ ಮೊಹರು ಹಾಗೇ ಇತ್ತು. ಬಾಟಲಿಯ ಮೇಲೆ ಹೆಸರಿರುವುದಿಲ್ಲ, ಆದರೂ ಆ ಸಂಖ್ಯೆ ಯಾರದ್ದು ಅಂತ ನಿನಗೆ ಹೇಳಬೇಕಾಗಿಲ್ಲ. ಅಪ್ಪ ಹೋದ ಮೇಲೆ ನಮ್ಮಿಬ್ಬರನ್ನೂ ಹೆಗಲ ಮೇಲೆ ಹೊತ್ತು ಸಾಕಿದ ಸೋದರಮಾವನ ಗಿರಣಿಯ ಗೋಂದಿನ ಪುಡಿ. ಐಸ್‌ಕ್ರೀಮ್ ಮಾಡುವವರು ಸಾಲುಗಟ್ಟಿ ಬಂದು ಒಯ್ಯುತ್ತಿದ್ದ, ಮಾವ ಮೂರು ಸಲ ಜರಡಿ ಹಿಡಿಯದೆ ಚೀಲಕ್ಕೆ ತುಂಬದಿದ್ದ ಆ ಪುಡಿ.

ಇದೇ ಪ್ರಯೋಗಾಲಯದಲ್ಲಿದ್ದಾಗ ನೀನೇ ನನಗೆ ಕಲಿಸಿದ್ದೆ. ಗೋಂದು ಅಂದರೆ ಸಕ್ಕರೆಯ ಮಣಿಗಳನ್ನು ಪೋಣಿಸಿದ ಸರ, ಆಮ್ಲದಲ್ಲಿ ಕಾಯಿಸಿದರೆ ಸರ ಹರಿದು ಮಣಿಗಳೆಲ್ಲ ಬಿಡಿಬಿಡಿಯಾಗುತ್ತವೆ, ಯಂತ್ರ ಪ್ರತಿ ಬಗೆಯ ಮಣಿಗೂ ಒಂದೊಂದು ಶಿಖರ ಬರೆದು ತೋರಿಸುತ್ತದೆ ಅಂತ. ಮಾವನ ಬೀಜದ ಗೋಂದಿನಲ್ಲಿ ಇರಬೇಕಾದದ್ದು ಎರಡೇ ಬಗೆ, ಮ್ಯಾನೋಸ್ ಮತ್ತು ಗ್ಯಾಲಕ್ಟೋಸ್. ನಿನ್ನ ವರದಿಯಲ್ಲಿ ಮೂರನೆಯದೂ ಇತ್ತು, ಗ್ಲೂಕೋಸ್, ನೂರಕ್ಕೆ ಎಂಟು ಪಾಲು. ಅದರ ಕೆಳಗೆ ‘ಪಿಷ್ಟ ಬೆರೆಸಿರುವುದು ಕಂಡುಬಂದಿದೆ’ ಎಂಬ ಒಂದು ಸಾಲು. ಅದರ ಕೆಳಗೆ ಮೂರು ಹಾಳೆ ದಾಟಿ ಮೂಡುವಂತೆ ಒತ್ತಿ ಹಾಕಿದ ನಿನ್ನ ಸಹಿ.

ಬಾಟಲಿ ಕೈಗೆ ಬಂದ ಮೇಲೆ ಸುಮ್ಮನಿರಲು ನನಗೇನು ಹುಚ್ಚೇ? ಹೇಗೂ ಎಸೆಯುವ ಪುಡಿ. ನೀರಲ್ಲಿ ಕರಗಿಸಿದೆ, ಸ್ಪಿರಿಟ್ ಸುರಿದು ಗೋಂದನ್ನು ಮತ್ತೆ ಗಟ್ಟಿ ಮಾಡಿದೆ, ಗಾಜಿನ ಜರಡಿಯಿರುವ ಆಲಿಕೆಯಲ್ಲಿ ಸೋಸಿ ಒಣಗಿಸಿ, ಆಮ್ಲದಲ್ಲಿ ಕಾಯಿಸಿ ಯಂತ್ರಕ್ಕೆ ಕೊಟ್ಟೆ. ಎರಡು ಶಿಖರ, ಅಣ್ಣಾ. ಎರಡೇ ಎರಡು! ಮೂರನೆಯದರ ಜಾಗ ನಮ್ಮ ಮನೆಯ ಮೇಜಿನಷ್ಟು ಸಪಾಟಾಗಿತ್ತು. ನನ್ನ ಕಣ್ಣನ್ನೇ ನಂಬದೆ ಮೂರು ಸಲ ಮಾಡಿದೆ. ಆಮೇಲೆ ಆ ವರ್ಷ ನಮ್ಮಲ್ಲಿ ಗಾಜಿನ ಆಲಿಕೆ ಒಡೆದು, ಹೊಸದು ಬರಲು ಎರಡು ತಿಂಗಳು ಹಿಡಿದದ್ದು ನೆನಪಾಯಿತು. ಅದೇ ಪುಡಿಯನ್ನು ಸೋಸುವ ಕಾಗದದಲ್ಲಿ ಸೋಸಿದೆ. ಗೋಂದಲ್ಲವೇ, ಒಣಗಿದ ಮೇಲೆ ಕಾಗದಕ್ಕೆ ಕಚ್ಚಿಕೊಂಡು ಬಿಡಲೇ ಇಲ್ಲ. ಚಾಕುವಿನಿಂದ ಕೆರೆದು ತೆಗೆದೆ, ನಾರೂ ಜೊತೆಗೇ ಎದ್ದು ಬಂತು. ಯಂತ್ರಕ್ಕೆ ಕೊಟ್ಟರೆ ಗ್ಲೂಕೋಸ್ ಠಣ್ಣನೆ ಎದ್ದು ನಿಂತಿತು. ಕಾಗದವೂ ಸಕ್ಕರೆಯೇ ಅಲ್ಲವೇ? ಪಿಷ್ಟದ ಹಾಗೆ ಅದರ ನಾರೆಲ್ಲ ಗ್ಲೂಕೋಸಿನ ಸರ. ಇದನ್ನು ನನಗೆ ಕಲಿಸಿದವನೂ ನೀನೇ! ಮಾವ ಕಲಬೆರಕೆ ಮಾಡಿರಲಿಲ್ಲ. ಕಲಬೆರಕೆ ಮಾಡಿದ್ದು ನಾವು, ಈ ಕೋಣೆಯಲ್ಲಿ, ನಮ್ಮದೇ ಮೇಜಿನ ಮೇಲೆ.

ನನ್ನ ಹೊಟ್ಟೆ ಉರಿಯುವುದು ಎಲ್ಲಿ ಗೊತ್ತೇ? ತಪ್ಪು ಯಾರಿಗಾದರೂ ಆಗುತ್ತದೆ. ಆದರೆ ಅವತ್ತು ಮಾವ ಟೋಪಿ ಕೈಯಲ್ಲಿ ಹಿಡಿದುಕೊಂಡು ಪ್ರಯೋಗಾಲಯದ ವರಾಂಡದಲ್ಲಿ ನಿಂತು ಕೇಳಿದ್ದು ನಿನ್ನ ಕಿವಿಗೂ ಬಿದ್ದಿತ್ತು. ‘ಒಂದೇ ಒಂದು ಹನಿ ಅಯೋಡಿನ್ ಹಾಕಿ ನೋಡ್ರಪ್ಪಾ, ನೀಲಿ ಆದ್ರೆ ನನ್ನ ಗಿರಣಿಗೆ ನಾನೇ ಬೀಗ ಹಾಕ್ತೀನಿ.’ ಪಿಷ್ಟವಿದ್ದರೆ ಅಯೋಡಿನ್ ನೀಲಿಯಾಗುತ್ತದೆ ಅಂತ ಈಗ ನೀನು ಪಾಠ ಮಾಡುವ ಮಕ್ಕಳಿಗೂ ಗೊತ್ತು. ವರದಿ ಹೋಗಿಯಾಗಿದೆ ಅಂತ ಆಫೀಸಿನವರು ಅವನನ್ನು ಸಾಗಹಾಕಿದರು, ನೀನು ನೆಲ ನೋಡುತ್ತಾ ನಿಂತೆ. ಮೊನ್ನೆ ಆ ಒಂದು ಹನಿಯನ್ನು ನಾನು ಹಾಕಿದೆ. ನೀಲಿಯಾಗಲಿಲ್ಲ. ಅಲ್ಲೇ ಸಿಂಕಿನ ಪಕ್ಕದಲ್ಲಿ ನಿಂತು ಗೊಳೋ ಅಂತ ಅತ್ತೆ, ಪಾತ್ರೆ ತೊಳೆಯುವ ಅಜ್ಜಿ ಆಮ್ಲ ಕಣ್ಣಿಗೆ ಹಾರಿತೆಂದು ಹೆದರಿ ನನ್ನ ಮುಖಕ್ಕೆ ಒಂದು ಮಗ್ ನೀರು ಎರಚಿದಳು. ನಗು ಬಂದರೆ ನಗು, ನನಗೆ ಬರಲಿಲ್ಲ.

ಅವತ್ತು ಸಂಜೆ ಮನೆಯಲ್ಲಿ ನಾನು ಕೇಳಿದಾಗ ಏನೆಂದೆ? ‘ಯಂತ್ರ ಸುಳ್ಳು ಹೇಳಲ್ಲ ಕಣೇ. ಮಾವಂದು ಅಂತ ಗೊತ್ತಾದ ಮೇಲೆ ಮತ್ತೆ ಮಾಡಿದ್ರೆ ಜನ ಏನಂತಾರೆ?’ ಜನ ಏನಂದರು ಅಂತ ಈಗ ಕೇಳು. ಮಾವನನ್ನು ಬೀದಿಯಲ್ಲಿ ‘ಕಲಬೆರಕೆ’ ಅಂತಲೇ ಕರೆಯುತ್ತಾರೆ. ಅಂಗಡಿಯವನು ‘ಕಲಬೆರಕೆ ಬಂದ, ಜಾಗ ಬಿಡ್ರೋ’ ಅನ್ನುತ್ತಾನೆ, ಮಾವ ಹಲ್ಲು ಕಿರಿದು ಜಾಗ ಮಾಡಿಕೊಂಡು ನಿಲ್ಲುತ್ತಾನೆ. ತನ್ನ ಗಿರಣಿ ಮುಚ್ಚಿ ಇನ್ನೊಬ್ಬರ ಗಿರಣಿಯಲ್ಲಿ ಚೀಲದ ಬಾಯಿ ಹೊಲಿಯುತ್ತಿದ್ದಾನೆ. ಅವನ ಮಗಳು ಅಪ್ಪನ ಹೆಸರು ಬರೆಯಬೇಕಾದ ಕಡೆಯೆಲ್ಲ ಕೈಯಿಂದ ಮುಚ್ಚಿಕೊಂಡು ಬರೆಯುತ್ತಾಳೆ. ನೀನು ಮಾತ್ರ ಅದೇ ವರ್ಷ ಕೈ ತೊಳೆದುಕೊಂಡು ದೂರದ ಶಾಲೆ ಹುಡುಕಿಕೊಂಡು ಹೊರಟುಹೋದೆ. ತರಬೇತಿಗೆ ಸೇರಿದ ಮೂರನೇ ವಾರದಲ್ಲಿದ್ದ ನಾನು, ಒಂದು ತಪ್ಪಾದರೆ ಕೆಲಸದಿಂದ ತೆಗೆಯುತ್ತಾರೆ ಅನ್ನುವ ಭಯದಲ್ಲಿ ಬಾಯಿ ಹೊಲಿದುಕೊಂಡು ಕೂತೆ. ಆ ಸಿಟ್ಟೂ ಇದರಲ್ಲಿ ಸೇರಿದೆ ಅಂದುಕೋ.

ದೊಡ್ಡ ಮೇಡಂಗೆ ಎಲ್ಲವನ್ನೂ ತೋರಿಸಿದೆ. ಅವರು ಒಳ್ಳೆಯವರು, ನಿಯಮ ಮಾತ್ರ ನಿಯಮ. ವರದಿ ತಪ್ಪು ಅಂತ ತಿದ್ದಲು ಅರ್ಜಿ ಹಾಕಬೇಕಾದವನು ಅವತ್ತು ಸಹಿ ಹಾಕಿದವನೇ, ಅದೂ ಕಡತ ಮುಚ್ಚುವುದರೊಳಗೆ. ಇಪ್ಪತ್ತೆರಡು ದಾಟಿದರೆ ಬಾಟಲಿಯೂ ಇಲ್ಲ, ಕಡತವೂ ಇಲ್ಲ, ಮಾವ ಸಾಯುವ ತನಕ ಕಲಬೆರಕೆಯೇ. ಅರ್ಜಿ ಜೊತೆಯಲ್ಲಿದೆ. ಸಹಿ ಹಾಕಿ ವಾಪಸು ಅಂಚೆಯಲ್ಲೇ ಕಳಿಸು. ‘ನೋಡೋಣ’ ಅಂತ ಬರೆದೆಯೋ, ನಾನೇ ನಿನ್ನ ಶಾಲೆಗೆ ಬಂದು ಮಕ್ಕಳೆದುರಿಗೆ ಮಾನ ಕಳೆಯುತ್ತೇನೆ. ನಾನು ಹೇಳಿದ್ದನ್ನು ಮಾಡುವವಳು ಅಂತ ನಿನಗೆ ಗೊತ್ತು.

ಅಮ್ಮನ ಆಶೀರ್ವಾದ ನಿನಗೆ ಯಾವತ್ತೂ ಇದ್ದೇ ಇದೆ, ಅವಳಿಗೆ ಇದಾವುದೂ ಗೊತ್ತಿಲ್ಲ. ಬೆನ್ನಿಗೆ ಬಿಸಿನೀರಿನ ಶಾಖ ಕೊಟ್ಟುಕೋ.

ಮಾವ ಇಟ್ಟ ಹೆಸರಿನ,
ಕಡ್ಡಿಪೆಟ್ಟಿಗೆ

ತಾ.ಕ.: ಅಂಚೆಗೆ ಹೊತ್ತಾಯಿತು, ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ಅರ್ಜಿಯಲ್ಲಿ ಪುಟದ ಸಂಖ್ಯೆ ತುಂಬಬೇಕಿತ್ತು, ಮಧ್ಯಾಹ್ನ ಆ ವರ್ಷದ ಕೆಲಸದ ಪುಸ್ತಕ ತೆಗೆಸಿದೆ. ೪೧೭ರ ಪುಟದಲ್ಲಿ ‘ಆಲಿಕೆ ಒಡೆದಿದೆ, ಕಾಗದದಲ್ಲಿ ಸೋಸಿ ಚಾಕುವಿನಿಂದ ಕೆರೆದು ತೆಗೆದೆ’ ಅಂತ ಇದೆ. ಬರಹ ನನ್ನದು, ಅಣ್ಣಾ. ನನಗೆ ನೆನಪೇ ಇರಲಿಲ್ಲ. ‘ಕಾಗದ’ ಅನ್ನುವ ಪದದ ಸುತ್ತ ಪೆನ್ಸಿಲಿನ ಒಂದು ಸುತ್ತು ಇದೆ. ರಬ್ಬರಿನಿಂದ ಅಳಿಸಿದ್ದೀಯ, ಆದರೆ ಒತ್ತಿ ಬರೆಯುವ ಕೈ ನಿನ್ನದು, ಓರೆಯಾಗಿ ಹಿಡಿದರೆ ಗುರುತು ಕಾಣುತ್ತದೆ. ನನ್ನ ಕೆಲಸ ಉಳಿಸಲು ಮಾವನನ್ನು ಕೊಟ್ಟುಬಿಟ್ಟೆಯಾ? ಯಾರು ಕೇಳಿದ್ದರು ನಿನ್ನನ್ನು? ಪುಸ್ತಕ ಮುಚ್ಚಿ ಸೀದಾ ಮಾವ ಚೀಲ ಹೊಲಿಯುವ ಗಿರಣಿಗೆ ಹೋಗಿ, ತಪ್ಪು ನನ್ನದು ಅಂತ ಹೇಳಿ ಈಗ ತಾನೇ ಬಂದೆ. ಅವನು ಬೈಯಲಿಲ್ಲ. ದಬ್ಬಣ ಕೆಳಗಿಟ್ಟು ‘ನಿಮ್ಮಣ್ಣಂಗೆ ಗೊತ್ತಿತ್ತೇನೇ?’ ಅಂತ ಒಂದೇ ಮಾತು ಕೇಳಿದ. ಇಲ್ಲ ಅಂದುಬಿಟ್ಟೆ. ಮಾವನಿಗೆ ನಾನು ಹೇಳಿದ ಮೊದಲ ಸುಳ್ಳು. ಅರ್ಜಿಯನ್ನು ಅಂಚೆಗೆ ಹಾಕಬೇಡ. ನೀನೇ ತೆಗೆದುಕೊಂಡು ಬಾ, ಮೊದಲು ಮಾವನ ಹತ್ತಿರ ಹೋಗು. ಇಪ್ಪತ್ತೆರಡರ ತನಕ ನಾನು ಬಾಯಿ ಬಿಡುವುದಿಲ್ಲ. ಇಪ್ಪತ್ಮೂರಕ್ಕೆ ಮಾವನಿಗೆ ನಾನೇ ನಿಜ ಹೇಳುತ್ತೇನೆ.